ಕ್ರಮ ಸಂಖ್ಯೆ ಹನ್ನೊಂದು, ಕಪ್ಪು ಅಂಚು

ಶ್ರಾವಣದ ಮೂರನೇ ಸೋಮವಾರ, ಬೆಳಿಗ್ಗೆ ಆರೂ ಕಾಲು. ಸ್ಥಳ ಕೊಳ್ಳೇಗಾಲ, ನನ್ನ ತಮ್ಮ ನಾಗರಾಜುವಿನ ಬಣ್ಣದ ಮನೆ. ಇದ್ದವರು ಮೂವರು: ಒಲೆಗೆ ಸೌದೆ ಒಡ್ಡುತ್ತಿದ್ದ ನಾಗರಾಜು, ಗೌರಿ ಹಬ್ಬಕ್ಕೆ ಸುಣ್ಣ ಹೊಡೆಸಲು ಗೋಡೆಯ ಗೂಡು ಖಾಲಿ ಮಾಡುತ್ತಿದ್ದ ಅವನ ಹೆಂಡತಿ ಸುಶೀಲ, ಹಿಂದಿನ ದಿನ ಯಳಂದೂರಿನಿಂದ ಬಂದಿದ್ದ ನಾನು.

ಬಣ್ಣದ ಮನೆ ಎಂದರೆ ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಜಾಗ, ನಾಲ್ಕು ತೊಟ್ಟಿ, ಎರಡು ಒಲೆ. ನೇಯುವವರು ಬಿಳಿ ರೇಷ್ಮೆ ನೂಲಿನ ಲಡಿಗಳನ್ನು ತಂದುಕೊಡುತ್ತಾರೆ, ನಾಗರಾಜು ಅದ್ದಿ ಬಣ್ಣ ಹತ್ತಿಸಿ ಕೊಡುತ್ತಾನೆ. ನಮ್ಮ ಅಪ್ಪನ ಕಸುಬು ಅದು. ನಾನು ಓದಿ ಸರ್ಕಾರಿ ನೌಕರಿಗೆ ಹೋದೆ, ತಮ್ಮ ತೊಟ್ಟಿಯ ಹತ್ತಿರ ಉಳಿದ. ಕುದಿಯುವ ನೀರಿಗೆ ಆಸಿಡ್ ಬಿದ್ದಾಗ ಏಳುವ ಹುಳಿ ವಾಸನೆ ಆಗತಾನೇ ಮೂಗಿಗೆ ಬಡಿದಿತ್ತು.

"ಭಾವ, ಇದು ನಿಮ್ ಬರವಣಿಗೆ ಅಲ್ವಾ?" ಎಂದಳು ಸುಶೀಲ. ಅವಳ ಕೈಯಲ್ಲಿ ಬಣ್ಣದ ಪುಸ್ತಕವಿತ್ತು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಎಂದು ಬರೆದು, ಪಕ್ಕದಲ್ಲಿ ಆ ಬಣ್ಣದ ಎಳೆಯ ಒಂದು ಗುಚ್ಛ ಕಟ್ಟಿಟ್ಟ ಹಳೆಯ ಪುಸ್ತಕ ಅದು. ಅದರೊಳಗಿಂದ ಅವಳು ಒಂದು ಹಾಳೆ ತೆಗೆದಿದ್ದಳು.

ಬರವಣಿಗೆ ನನ್ನದೇ. ನಾಲ್ಕು ಕಾಲಂ ಎಳೆದಿದ್ದೆ: ಕ್ರಮ ಸಂಖ್ಯೆ, ಆಟಗಾರ, ಅಂಚಿನ ಬಣ್ಣ, ಷರಾ. ಕೆಳಗೆ ನನ್ನ ಸಹಿ, ತಾರೀಕು. ಎಡಗಡೆಯ ಎರಡು ತೂತುಗಳೂ ಅಂಚಿನವರೆಗೆ ಹರಿದಿದ್ದವು. ಕಡತ ಕಟ್ಟುವ ಟ್ಯಾಗಿನ ದಾರದ ಗಂಟು ಬಿಚ್ಚದೆ ಎಳೆದರೆ ಕಾಗದ ಹಾಗೆ ಹರಿಯುತ್ತದೆ.

ನಾಗರಾಜು ಒಮ್ಮೆ ತಿರುಗಿ ನೋಡಿದ. ಆಮೇಲೆ ಒಲೆಗೆ ಇನ್ನೊಂದು ಸೌದೆ ತಳ್ಳಿದ.

ಅದು ನಾಲ್ಕು ವರ್ಷದ ಹಿಂದಿನ ಮಳೆಗಾಲದ ಹಾಳೆ. ಹನೂರು ಬೇರೆ ತಾಲ್ಲೂಕಾಗಿತ್ತು. ಕೊಳ್ಳೇಗಾಲದಲ್ಲಿ ಒಟ್ಟಿಗಿದ್ದ ಹಳೆಯ ಕಡತಗಳಲ್ಲಿ ಅದರ ಪಾಲಿನವನ್ನು ಬೇರ್ಪಡಿಸಬೇಕಿತ್ತು. ನಾನು ಮೂವತ್ನಾಲ್ಕು ವರ್ಷ ಅಲ್ಲಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹನೂರು ಕಡೆಯ ಬಂಡಳ್ಳಿಯ ಕಾಗದ ಯಾವ ಕಟ್ಟಿನಲ್ಲಿದೆ, ಶಾಗ್ಯದ್ದು ಯಾವುದರಲ್ಲಿದೆ ಎಂದು ಬಲ್ಲವರು ಕಡಿಮೆಯಾಗಿದ್ದರು. ನಾಲ್ಕು ತಿಂಗಳು ಬಂದು ನೆರವಾಗಿ ಎಂದು ಕಚೇರಿಯವರು ಕೇಳಿದರು, ಒಪ್ಪಿದೆ. ದಿನಾ ಯಳಂದೂರಿನಿಂದ ಓಡಾಡುವುದು ಮಳೆಯಲ್ಲಿ ಕಷ್ಟ, ಹಾಗಾಗಿ ವಾರವಿಡೀ ತಮ್ಮನ ಮನೆಯಲ್ಲಿದ್ದು ಭಾನುವಾರ ನನ್ನ ಮನೆಗೆ ಹೋಗುತ್ತಿದ್ದೆ.

ನನ್ನ ದಿನಚರಿ ಆಗಲೂ ಈಗಲೂ ಒಂದೇ. ಐದಕ್ಕೆ ಏಳುವುದು, ಆರೂವರೆಗೆ ಸ್ನಾನ, ಎಂಟಕ್ಕೆ ತಿಂಡಿ, ಒಂಬತ್ತೂವರೆಗೆ ಮೇಜು. ನಾನು ಕೆಲಸಕ್ಕೆ ಸೇರಿದಾಗ ಇದ್ದ ಮೇಲಧಿಕಾರಿ ಮೊದಲ ದಿನವೇ ಕಲಿಸಿದ ಪಾಠವೆಂದರೆ, ಬಿಡಿ ಕಾಗದವನ್ನು ಬಿಡಿಯಾಗಿ ಬಿಡಬಾರದು. ಎಡಕ್ಕೆ ಎರಡು ತೂತು, ಒಂದು ಟ್ಯಾಗು, ಮೇಲೊಂದು ಅನುಕ್ರಮಣಿಕೆ, ಕೆಳಗೆ ಮಾಡಿದವನ ಸಹಿ. ಪಂಚಿಂಗ್ ಮಿಷನ್ ಒಂದನ್ನು ನಾನು ಸ್ವಂತಕ್ಕೆ ಇಟ್ಟುಕೊಂಡಿದ್ದೆ. ಅದು ಚೀಲದಲ್ಲೇ ಇರುತ್ತಿತ್ತು.

ಆ ಮನೆಯಲ್ಲಿ ಬಿಡಿಯಾಗಿ ಬಿದ್ದಿದ್ದದ್ದು ನಾಗರಾಜುವಿನ ಕ್ರಿಕೆಟ್ ಕಾರ್ಡುಗಳು, ಆಟಗಾರರ ಚಿತ್ರವಿರುವ ದಪ್ಪ ರಟ್ಟಿನ ಚೀಟಿಗಳು.

ಐವತ್ತು ದಾಟಿದವನಿಗೆ ಇದರ ಹುಚ್ಚು ಹೇಗೆ ಹತ್ತಿತು ಎಂದರೆ, ಒಬ್ಬ ಸೀರೆ ವ್ಯಾಪಾರಿ ಒಂದು ಬಗೆಯ ನೇರಳೆ ಬೇಕೆಂದು ಕೇಳಿ, ಇವನು ಮೂರು ಸಲ ಅದ್ದಿಕೊಟ್ಟರೂ ಅದಲ್ಲ ಎಂದಿದ್ದ. ಬಸ್ ನಿಲ್ದಾಣದ ಹತ್ತಿರ ಅಂಗಡಿಯಲ್ಲಿ ಯಾರೋ ಇಂಥ ಕಾರ್ಡುಗಳ ಪೊಟ್ಟಣ ಒಡೆದು ನೋಡುತ್ತಿದ್ದಾಗ ಒಂದು ಕಾರ್ಡಿನ ಅಂಚಿನಲ್ಲಿ ಇವನಿಗೆ ಆ ನೇರಳೆ ಕಂಡಿತು. ಅಲ್ಲೇ ಕೇಳಿ ಕೊಂಡು ತಂದ. ತೊಟ್ಟಿಯ ಪಕ್ಕ ಇಟ್ಟುಕೊಂಡು ಬಣ್ಣ ಕೂಡಿಸಿದ, ವ್ಯಾಪಾರಿ ಒಪ್ಪಿದ. ಕಾರ್ಡಿನಲ್ಲಿದ್ದವನು ಒಬ್ಬ ಎಡಗೈ ಸ್ಪಿನ್ನರ್. ಹೆಚ್ಚು ಆಡಿದವನಲ್ಲ, ಊರಲ್ಲಿ ಯಾರಿಗೂ ಅವನ ಹೆಸರು ನೆನಪಿಲ್ಲ. ಆಮೇಲೆ ಗೊತ್ತಾಯಿತು, ಅದೇ ಆಟಗಾರ, ಅದೇ ಚಿತ್ರ, ಅಂಚಿನ ಬಣ್ಣ ಮಾತ್ರ ಬೇರೆಯಾಗಿ ಹನ್ನೊಂದು ಬಗೆ ಇವೆ ಎಂದು. ಬಿಳಿ ಅಂಚಿನದು ಎಲ್ಲೆಡೆ ಸಿಗುತ್ತದೆ. ನೀಲಿ, ಹಸಿರು, ಕಿತ್ತಳೆ ಕಡಿಮೆ. ಕಪ್ಪು ಅಂಚಿನದು ಎಲ್ಲಕ್ಕಿಂತ ಅಪರೂಪ. ಅಂಥವು ಒಟ್ಟು ಹತ್ತೇ, ಇದು ಎಷ್ಟನೆಯದು ಎಂದು ಹಿಂದೆ ಅಚ್ಚಾಗಿರುತ್ತದೆ.

"ಒಂದೇ ಪಟ ಹತ್ತು ಯಾಕ್ಲಾ?" ಎಂದು ನಾನು ಕೇಳಿದ್ದೆ.

"ಒಂದೇ ಲಡಿ ನಾಕು ತೊಟ್ಟಿಗೆ ಅದ್ದಿದ್ರೆ ಒಂದೇ ಅಂತಾರಾ ಅಣ್ಣ? ಇವನ ಮಕ ನೋಡು. ಅಸಿರಲ್ಲಿ ಔಟ್ ಮಾಡೋನಂಗೆ ಕಾಣ್ತಾನೆ. ಕೆಂಪಲ್ಲಿ ಒಡ್ಸ್ಕಳೋನಂಗೆ ಕಾಣ್ತಾನೆ."

"ನಂಗೆಲ್ಲದ್ರಲ್ಲೂ ನಿಮ್ಮಂಗೇ ಕಾಣ್ತಾನೆ" ಎಂದಿದ್ದಳು ಸುಶೀಲ. "ಕೆಲಸ ಬುಟ್ಟು ಓಡ್ತಾವ್ನೆ."

ಅವನು ಕಾರ್ಡು ಮುಟ್ಟುವ ಮುಂಚೆ ಸೋಪಿನಲ್ಲಿ ಎರಡು ಸಲ ಕೈ ತೊಳೆಯುತ್ತಿದ್ದ. ಉಗುರಿನ ಸಂದಿಯ ಬಣ್ಣ ಎಷ್ಟು ತೊಳೆದರೂ ಹೋಗುವುದಿಲ್ಲ, ಅದಕ್ಕೆ ತೆಳು ಬಟ್ಟೆಯಲ್ಲಿ ಅಂಚು ಹಿಡಿದು ಎತ್ತುತ್ತಿದ್ದ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಕವರುಗಳನ್ನು ಒಂದು ಬಿಸ್ಕತ್ ಡಬ್ಬಿಗೆ ಹಾಕಿ ಬಣ್ಣದ ಮನೆಯ ಗೂಡಿನಲ್ಲಿಟ್ಟಿದ್ದ. ಅಂದರೆ ಅವು ಹೇಗೆ ಮುಟ್ಟುವ ವಸ್ತುಗಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಆ ಹೊತ್ತಿಗೆ ಅವನ ಹತ್ತಿರ ಹತ್ತು ಬಣ್ಣ ಸೇರಿದ್ದವು. ಹನ್ನೊಂದನೆಯ ಕಪ್ಪು ಅಂಚಿನದು ಮಹದೇಶ್ವರ ಬೆಟ್ಟದಲ್ಲಿ, ಬಳೆ ಮತ್ತು ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಮಾದೇಶನ ಹತ್ತಿರ ಇತ್ತು. ಮಾದೇಶನಿಗೂ ಇದೇ ಹುಚ್ಚು. ಕೊಳ್ಳೇಗಾಲ, ಮೈಸೂರು, ಸೇಲಂ ಕಡೆಯ ಇಂಥವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಊರಿಗೆಲ್ಲ ಗೊತ್ತಿರುವ ಒಬ್ಬ ದೊಡ್ಡ ಬ್ಯಾಟ್ಸ್‌ಮನ್ನಿನ ಚಿನ್ನದ ಅಂಚಿನ ಕಾರ್ಡು ನಾಗರಾಜುವಿಗೆ ಸಿಕ್ಕಿತ್ತು. ಅದನ್ನು ಕೊಟ್ಟರೆ ಕಪ್ಪು ಕೊಡುತ್ತೇನೆ ಎಂದು ಮಾದೇಶ ಒಪ್ಪಿದ್ದ. ಕೊಡುಕೊಳ್ಳುವ ದಿನವೂ ನಿಗದಿಯಾಗಿತ್ತು, ಒಂದು ಗುರುವಾರ.

ಅದಕ್ಕೆ ನಾಲ್ಕು ದಿನ ಮುಂಚಿನ ಭಾನುವಾರ, ಸುವರ್ಣಾವತಿ ಹೊಳೆ ತುಂಬಿ ರಸ್ತೆ ಮೇಲೆ ನೀರು ಬಂದು ಯಳಂದೂರಿನ ಬಸ್ಸು ನಿಂತಿತು. ನಾನು ಮನೆಗೆ ಹೋಗಲಾಗಲಿಲ್ಲ. ನಾಗರಾಜು, ಸುಶೀಲ ಹಿಂದಿನ ದಿನವೇ ಶಾಗ್ಯಕ್ಕೆ, ಅವಳ ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಊಟ ಮುಗಿಸಿ ಎರಡು ಗಂಟೆಗೆ ಬಣ್ಣದ ಮನೆಯಲ್ಲಿ ಕೂತಿದ್ದೆ. ಗೂಡಿನ ಮೇಲೆ ಶೀಟಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಬ್ಬಿಯ ಮುಚ್ಚಳದ ಮೇಲೆ ಎರಡು ಹನಿ ಬಿದ್ದವು.

ತೆಗೆದು ಒಳಗೆ ತಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

ಮೇಜಿನ ಮೇಲೆ ಸುರಿದೆ. ನಲವತ್ತೈದು ಕಾರ್ಡುಗಳು. ಪ್ಲಾಸ್ಟಿಕ್ಕಿನಲ್ಲಿ ತೇವ ನಿಲ್ಲುತ್ತದೆ ಎಂದು ಕವರುಗಳನ್ನೆಲ್ಲ ತೆಗೆದು ಕಸದ ಬುಟ್ಟಿಗೆ ಹಾಕಿದೆ. ಬಣ್ಣದ ಪ್ರಕಾರ ಸಾಲು ಮಾಡಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿ, ಎಲ್ಲದರಲ್ಲೂ ಒಂದೇ ಅಳತೆಗೆ ಬರುವಂತೆ ಎಡಗಡೆ ಎರಡೆರಡು ತೂತು ಒತ್ತಿದೆ. ದಪ್ಪ ಕಾರ್ಡು, ಒಂದೊಂದಕ್ಕೂ ಮಿಷನ್ನಿನ ಮೇಲೆ ಎರಡೂ ಅಂಗೈ ಊರಬೇಕಾಯಿತು. ಬಣ್ಣಬಣ್ಣದ ಸಣ್ಣ ಬಿಲ್ಲೆಗಳು ಮೇಜಿನ ಮೇಲೆ ಉದುರಿದವು. ಹಿಂದೆ ಇಂಕಿನಲ್ಲಿ ಸಂಖ್ಯೆ ಬರೆದೆ. ಬಿಳಿ ಟ್ಯಾಗಿನಲ್ಲಿ ಪೋಣಿಸಿ ರಟ್ಟು ಹಾಕಿ ಕಟ್ಟಿದೆ. ಒಂದರಿಂದ ಹತ್ತರವರೆಗೆ ಸ್ಪಿನ್ನರ್. ಹನ್ನೊಂದನೆಯ ಸಾಲಿನಲ್ಲಿ 'ಕಪ್ಪು ಅಂಚು' ಎಂದು ಬರೆದು, ಷರಾದಲ್ಲಿ 'ಬರತಕ್ಕದ್ದು' ಎಂದೆ. ಹನ್ನೆರಡನೆಯದು ದೊಡ್ಡ ಬ್ಯಾಟ್ಸ್‌ಮನ್ನಿನ ಚಿನ್ನದ ಅಂಚು. ಐದು ಗಂಟೆಗೆ ಸಹಿ ಹಾಕಿ ಎದ್ದೆ. ನಿವೃತ್ತಿಯಾದ ಮೇಲೆ ಅಷ್ಟು ತೃಪ್ತಿಯಿಂದ ನಾನು ಕಾಫಿ ಕುಡಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ಬಂದರು. ನಾನೇ ಕಡತವನ್ನು ಕೈಗೆ ಕೊಟ್ಟೆ. ನಾಗರಾಜು ಕೂತು ತೆರೆದ. ಅಂದು ಕೈ ತೊಳೆದಿರಲಿಲ್ಲ. ಹೆಬ್ಬೆರಳನ್ನು ಒಂದು ತೂತಿನ ಸುತ್ತ ಆಡಿಸಿದ. ಮಗುಚಿದ, ಇನ್ನೊಂದರ ಮೇಲೆ ಆಡಿಸಿದ.

"ಎಷ್ಟೊತ್ತು ಇಡೀತಣ್ಣ?"

"ಮೂರು ಗಂಟೆ. ಇನ್ನು ಒಂದೂ ಕಳೆಯಲ್ಲ."

"ಕಳೆಯಲ್ಲ" ಎಂದ. "ಚೆನ್ನಾಗಿ ಸಾಲಾಗದೆ." ಎದ್ದು ಬಣ್ಣದ ಮನೆಗೆ ಹೋದ. ಸುಶೀಲ ಕಸದ ಬುಟ್ಟಿಯಲ್ಲಿದ್ದ ಕವರುಗಳನ್ನು ನೋಡಿ, ನನ್ನನ್ನು ನೋಡಿ, ಬುಟ್ಟಿ ಎತ್ತಿಕೊಂಡು ಹೊರಟಳು. ಅವನಿಗೆ ಸಂತೋಷವಾಗಿದೆ ಎಂದೇ ನಾನು ತಿಳಿದೆ.

ಗುರುವಾರ ಕಚೇರಿಗೆ ರಜೆ ಇತ್ತು. ದೇವರ ದರ್ಶನವೂ ಆದೀತು ಎಂದು ನಾನೂ ಬೆಟ್ಟಕ್ಕೆ ಹೊರಟೆ. "ನೀನು ಯಾಕಣ್ಣ, ಮಳೆ" ಎಂದು ಅವನು ಎರಡು ಸಲ ಹೇಳಿದ. ಕೇಳಲಿಲ್ಲ. ಬೆಟ್ಟದಲ್ಲಿ ಮಂಜು ಅಂಗಡಿಗಳ ಒಳಗೇ ನುಗ್ಗಿತ್ತು. ಯಾತ್ರೆಗೆ ನಡೆದು ಬಂದ ಪರಸೆಯವರು ಒದ್ದೆ ಗಂಟುಗಳನ್ನು ಹೊತ್ತು ಹೋಗುತ್ತಿದ್ದರು. ಮಾದೇಶ ನಲವತ್ತರ ಗಟ್ಟಿ ಆಳು. ಬಳೆಗಳ ಹಿಂದಿನ ಬೀರುವಿನಿಂದ ಕಪ್ಪು ಕಾರ್ಡು ತೆಗೆದ. ದಪ್ಪ ಗಾಜಿನಂಥ ಕವರಿನಲ್ಲಿತ್ತು. ನಾಗರಾಜು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಬಗ್ಗಿ ನೋಡಿದ.

"ತಗಿ ನಿನ್ನದ" ಎಂದ ಮಾದೇಶ.

ನಾಗರಾಜು ಚೀಲದಿಂದ ಕಡತ ತೆಗೆದ. ರಟ್ಟು ತೆರೆದಾಗ ನಾನು ಕಂಡೆ, ಮೇಲಿನ ಅನುಕ್ರಮಣಿಕೆ ಇರಲಿಲ್ಲ. ಟ್ಯಾಗಿನಲ್ಲಿ ಹಾಳೆಯ ಎರಡು ಚೂರು ಮಾತ್ರ ಸಿಕ್ಕಿಕೊಂಡಿದ್ದವು. ಎಲ್ಲೋ ಸಿಕ್ಕಿ ಹರಿದುಹೋಗಿರಬೇಕು ಎಂದುಕೊಂಡೆ.

ಮಾದೇಶ ಹನ್ನೆರಡನೆಯ ಕಾರ್ಡನ್ನು ಬೆಳಕಿಗೆ ಹಿಡಿದ. ತೂತಿನಿಂದ ಬೆಳಕು ಬಂತು.

"ಇದ್ಯಾವನ್ಲಾ ಮಾಡ್ದೋನು?"

"ನಾನೇ" ಎಂದ ನಾಗರಾಜು. "ಕಳ್ದೋಯ್ತವೆ ಅಂತ ನಾನೇ ಆಕ್ಬುಟ್ಟೆ."

"ನೀನಾ? ಬಟ್ಟೇಲಿ ಇಡ್ಕಳೋನು ನೀನು. ಎತ್ತಿಗೆ ಮೂಗುದಾರ ಆಕ್ದಂಗೆ ಆಕಿದ್ಯಲ್ಲೋ." ಪುಟ ಮಗುಚಿದಂತೆ ಎಲ್ಲ ಕಾರ್ಡುಗಳನ್ನೂ ಮಗುಚಿದ. "ಇಂದ್ಗಡೆ ಲೆಕ್ಕ ಬ್ಯಾರೆ ಬರ್ದಿದ್ಯ." ಆಮೇಲೆ ನನ್ನ ಕಡೆ ತಿರುಗಿದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊಡೆ ಹಿಡಿದು ನಿಂತಿದ್ದೆ. "ಓದ್ದೋರು, ನೀವಾರ ಏಳ್ಬಾರ್ದಾಗಿತ್ತಾ ಸಾ?"

ನಾಗರಾಜು ನನ್ನನ್ನು ನೋಡಲಿಲ್ಲ. ಗಾಜಿನ ಕವರಿನ ಕಡೆಗೇ ನೋಡುತ್ತಿದ್ದ.

"ನಾನು ಊರಲ್ಲಿರಲಿಲ್ಲ" ಎಂದೆ.

ಮೂವತ್ನಾಲ್ಕು ವರ್ಷ ಮಾಡಿದ ಪ್ರತಿಯೊಂದು ಕೆಲಸದ ಕೆಳಗೆ ನನ್ನ ಸಹಿ ಇದೆ. ಒಂದು ಕಡತ ತಪ್ಪು ಕಟ್ಟಿಗೆ ಹೋದಾಗ ಎಲ್ಲರೆದುರು ನಿಂತು ನನ್ನ ತಪ್ಪು ಎಂದು ಹೇಳಿದ್ದೇನೆ. ಒಬ್ಬ ಬಳೆ ಅಂಗಡಿಯವನ ಎದುರು, ಅದೂ ಆಟದ ಕಾರ್ಡಿನ ವಿಷಯಕ್ಕೆ, ಬಾಯಿಂದ ಆ ಮಾತು ಹೇಗೆ ಬಂತು ಎಂದು ಈ ನಾಲ್ಕು ವರ್ಷದಲ್ಲಿ ಬಹಳ ಸಲ ಕೇಳಿಕೊಂಡಿದ್ದೇನೆ. ಅವನು ನಕ್ಕಾನು ಎಂದು ಹೆದರಿದ್ದೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ಮಾದೇಶ ಕಪ್ಪು ಕಾರ್ಡನ್ನು ಬೀರುವಿಗಿಟ್ಟು ಬೀಗ ಹಾಕಿದ. ಇಳಿಯುವ ಬಸ್ಸಿನಲ್ಲಿ ತಿರುವು ತಿರುವಿಗೂ ನಾಗರಾಜುವಿನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. "ನಿಂಗೆ ವಾಂತಿ ಗೀಂತಿ ಬರ್ತಾ ಅದಾ ಅಣ್ಣ? ಕಿಟಕಿ ಕಡೀಕೆ ಬಾ" ಎಂದ. ಜಾಗ ಬಿಟ್ಟುಕೊಟ್ಟ.

ಆಮೇಲಿನದು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮಾದೇಶ ತೂತು ಬಿದ್ದ ಚಿನ್ನದ ಅಂಚಿನ ಕಾರ್ಡಿನ ಫೋಟೋ ತೆಗೆದು ಗುಂಪಿಗೆ ಹಾಕಿದ್ದ. ನಾಗರಾಜುವಿಗೆ ಅಲ್ಲಿ 'ತೂತ್ ನಾಗರಾಜ' ಎಂಬ ಹೆಸರಾಯಿತು. ಯಾರೂ ಅವನಿಗೆ ಕಾರ್ಡು ಕಳಿಸುವುದಕ್ಕೆ ಒಪ್ಪುತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ಅವನು ಪೊಟ್ಟಣ ಕೊಳ್ಳುವುದನ್ನೂ ನಿಲ್ಲಿಸಿದ. ಸಂಜೆ ಸೋಪಿನಲ್ಲಿ ಎರಡು ಸಲ ಕೈ ತೊಳೆಯುವುದೂ ನಿಂತಿತು. ಆ ಹೊತ್ತಿಗೆ ನಾನು ಹನೂರಿನ ಕೆಲಸ ಒಂದು ಕಾಗದವೂ ಹೆಚ್ಚುಕಮ್ಮಿಯಾಗದಂತೆ ಮುಗಿಸಿ, ಶಾಲು ಹೊದಿಸಿಕೊಂಡು ಯಳಂದೂರಿಗೆ ಬಂದಿದ್ದೆ.

ಈ ಸೋಮವಾರ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಅರ್ಥವಾದದ್ದು ಒಂದು. ಬೆಟ್ಟಕ್ಕೆ ಹೊರಡುವ ಮುಂಚೆಯೇ ಅವನು ಅದನ್ನು ಕಿತ್ತಿಟ್ಟಿದ್ದ. ಮಾದೇಶ ಏನು ಕೇಳುತ್ತಾನೆ, ಅದಕ್ಕೆ ನಾನು ಏನು ಹೇಳುತ್ತೇನೆ, ಎರಡೂ ಅವನಿಗೆ ಗೊತ್ತಿತ್ತು. ನನ್ನ ಸಹಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬಾರದು ಎಂದು ಮೊದಲೇ ತೆಗೆದಿಟ್ಟಿದ್ದ.

ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ಎಂಟರ ಬಸ್ಸು ಹಿಡಿದೆ. ಯಾರಿಗೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಮಾದೇಶನ ಅಂಗಡಿ. ಅವನ ತಲೆ ಸ್ವಲ್ಪ ನರೆತಿತ್ತು. ನನ್ನ ಗುರುತು ಹಿಡಿಯಲಿಲ್ಲ. ಹಾಳೆ ಬಿಚ್ಚಿ ಬಳೆಗಳ ಮೇಲೆ ಇಟ್ಟು, ಕೆಳಗಿನ ಸಹಿ ತೋರಿಸಿ, ಇದು ನನ್ನದು ಎಂದೆ. ನಾಗರಾಜು ಅಂದು ಶಾಗ್ಯದಲ್ಲಿದ್ದ, ಊರಲ್ಲಿದ್ದವನು ನಾನು ಎಂದೆ.

ಮಾದೇಶ ನಿಧಾನವಾಗಿ ಓದಿದ. ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟ.

"ಅವತ್ತೇ ಏಳ್ಬೇಕಾಗಿತ್ತು ಸಾ."

"ಹೌದು."

"ಚಿನ್ನದ್ದು ತೂತಾದ್ರೆ ಓಗ್ಲಿ, ಮುಂದೆ ಇನ್ಯಾವ್ದಾದ್ರೂ ಎರಡು ಸಿಕ್ದಾಗ ಈಸ್ಕಂಡ್ರಾಯ್ತು, ಕೊಡದು ಅಂತಲೇ ಇದ್ದೆ ನಾನು. ಅವನಷ್ಟು ಆಸೆ ಪಟ್ಟೋರ ನಾನು ನೋಡಿಲ್ಲ. ಆದ್ರೆ ಚುಚ್ಚೋನ ಕೈಗೆ ಎಂಗೆ ಕೊಡದು? ಇದನ್ನೂ ಚುಚ್ತಾನಲ್ಲ ಅಂದ್ಕಂಡೆ."

"ಈಗ ಎಲ್ಲಿದೆ ಅದು?"

"ಸೇಲಂ ಕಡೆಯೋರು ಒಬ್ರು ತಕಂಡೋದ್ರು. ಅವರು ಅದನ್ನ ಇನ್ಯಾರಿಗೋ ಕೊಟ್ರಂತೆ. ಈಗ ಯಾರತ್ರ ಅದೋ."

ಕಪ್ಪು ಕಾರ್ಡು ತೂತಿನಿಂದ ಹೋಯಿತು ಎಂದು ನಾಲ್ಕು ವರ್ಷ ನಂಬಿದ್ದೆ. ಅದು ಹೋದದ್ದು ಆಮೇಲೆ, ನನ್ನ ಎರಡು ಮಾತಿನಿಂದ.

ಗುಂಪಿಗೆ ತಿಳಿಸಬೇಕು ಎಂದೆ. ಮಾದೇಶ ಫೋನು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದ. "ನೀವೇ ಏಳಿ. ಮೈಕು ಒತ್ತಿ ಇಡ್ಕಂಡಿವ್ನಿ."

ಹೆಸರು ಹೇಳಿ ಶುರು ಮಾಡಿದೆ. "ನಾನು ಕೊಳ್ಳೇಗಾಲದ ನಾಗರಾಜುವಿನ ಅಣ್ಣ. ಯಳಂದೂರಿನಲ್ಲಿ ವಾಸ. ನಿವೃತ್ತ ರೆಕಾರ್ಡ್ ಕೀಪರ್. ನಾಲ್ಕು ವರ್ಷದ ಹಿಂದೆ ಅವನ ಕಾರ್ಡುಗಳಿಗೆ ತೂತು ಹಾಕಿದವನು ನಾನು. ಅವನು ಊರಲ್ಲಿರಲಿಲ್ಲ. ಇದೇ ಅಂಗಡಿಯಲ್ಲಿ ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಕೇಳಿದಾಗ ಸುಳ್ಳು ಹೇಳಿದೆ. ಇಷ್ಟೇ."

ಮಾದೇಶ ಬೆರಳು ತೆಗೆದ. ಎರಡು ನಿಮಿಷಕ್ಕೆ ಫೋನು ಸದ್ದು ಮಾಡಿತು. ಒಬ್ಬರು ಕೈಮುಗಿದ ಚಿತ್ರ ಕಳಿಸಿದ್ದರು. ಇನ್ನೊಬ್ಬರು ತಮಿಳಿನಲ್ಲಿ ಏನೋ ಹೇಳಿದ್ದರು. ಮೂರನೆಯವರು, ಹತ್ತು ಕಾರ್ಡಿಗೂ ತೂತು ಹಾಕಿದಿರಾ ಎಂದು ಕೇಳಿದ್ದರು.

"ಹತ್ತಲ್ಲ, ನಲವತ್ತೈದು" ಎಂದೆ. ಮಾದೇಶ ಅದನ್ನೂ ಬರೆದು ಕಳಿಸಿದ.

ಎರಡು ಗಂಟೆಯ ಬಸ್ಸು ಹತ್ತಿ ಐದೂ ಕಾಲಿಗೆ ಮನೆ ಮುಟ್ಟಿದೆ. ಬಣ್ಣದ ಮನೆಯಲ್ಲಿ ಅಂದಿನ ಲಡಿಗಳು ಬಿದಿರು ಗಳುವಿನ ಮೇಲೆ ಒಣಗುತ್ತಿದ್ದವು, ಈರುಳ್ಳಿ ಬಣ್ಣದವು. ನಾಗರಾಜು ತೊಟ್ಟಿ ತೊಳೆಯುತ್ತಿದ್ದ. ಫೋನು ಗೂಡಿನಲ್ಲಿತ್ತು.

"ಮಧ್ಯಾಹ್ನದಿಂದ ಅದು ಬಡ್ಕತಾ ಅದೆ" ಎಂದ. "ಯಳಂದೂರಿನಲ್ಲಿ ವಾಸ ಅಂತೆಲ್ಲ ಯಾಕೆ ಏಳಕೋದೆ? ಯಾರಾರ ಮನೆ ಉಡುಕ್ಕಂಡು ಬರ್ತಾರಾ?"

"ನೀನು ಅವತ್ತೇ ಬೈಬೇಕಾಗಿತ್ತು ಕಣ್ಲಾ."

ಅವನು ತೊಟ್ಟಿಯ ನೀರು ಚೆಲ್ಲಿ ಕೈ ಒರೆಸಿಕೊಂಡ. "ಆ ಸೋಮವಾರ ನೀನು ನಿನ್ ಮಕ ನೋಡ್ಕಂಡಿಲ್ಲ ಅಣ್ಣ. ರಿಟೈರಾದಾಗಿಂದ ನಿನ್ನ ಅಂಗೆ ನಗ್ತಾ ನಾನು ನೋಡಿರ್ಲಿಲ್ಲ. ಎಂಗೆ ಬೈಲಿ?" ತೊಟ್ಟಿಯನ್ನು ಬೋರಲು ಹಾಕಿ ಹೇಳಿದ: "ಆ ಕರೀದು ಒಂದು ಬರ್ಬೇಕಾಗಿತ್ತು ಕನಣ್ಣ. ಅದೊಂದು ಬಂದಿದ್ರೆ ಆಗೋಗಿತ್ತು."

ಕಡತ ಎಲ್ಲಿದೆ ಎಂದು ಕೇಳಿದೆ. ಸುಶೀಲ ಒಳಗಿನಿಂದ ತಂದು ಮೇಜಿನ ಮೇಲಿಟ್ಟಳು, ದೀಪ ಹಾಕಿದಳು. ಟ್ಯಾಗಿನ ಗಂಟು ನಾನು ಹಾಕಿದ್ದು ಹಾಗೇ ಇತ್ತು. ಬಿಚ್ಚಿದೆ. ಹರಿದ ಎರಡು ತೂತುಗಳ ಹಿಂದೆ ಕಾಗದದ ಪಟ್ಟಿ ಅಂಟಿಸಿ, ಒಣಗಲು ಬಿಟ್ಟು, ಸೂಜಿಯಿಂದ ಮತ್ತೆ ದಾರಿ ಮಾಡಿದೆ. ಪಂಚಿಂಗ್ ಮಿಷನ್ ಚೀಲದಲ್ಲಿತ್ತು, ತೆಗೆಯಲಿಲ್ಲ. ಹನ್ನೊಂದನೆಯ ಸಾಲಿನಲ್ಲಿ, 'ಬರತಕ್ಕದ್ದು' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದೆ: 'ಬರಲಿಲ್ಲ. ಕಾರಣ ನಾನು.' ಸಹಿ ಹಾಕಿದೆ, ತಾರೀಕು ಹಾಕಿದೆ.

ನಾಗರಾಜು ಭುಜದ ಹಿಂದೆ ನಿಂತು ಓದಿದ. ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಪೋಣಿಸಿ ಗಂಟು ಹಾಕಿದೆ. ಏಳು ಗಂಟೆ ಹತ್ತು ನಿಮಿಷವಾಗಿತ್ತು.